ಚಕ್ರಕ್ಕೆ ಓರೆಯಾಗಿ ನಿಲ್ಲುವುದು

2001ರಲ್ಲಿ ನಾನು ಓದು ನಿಲ್ಲಿಸಿದೆ. ಹತ್ತನೆಯ ತರಗತಿಗೆ ಹೆಸರು ಹಚ್ಚಿ, ಪುಸ್ತಕಗಳಿಗೆ ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿ, ಆ ಹೊದಿಕೆ ಹರಿಯುವ ಮೊದಲೇ ಬಿಟ್ಟುಬಿಟ್ಟೆ. ಯಾರೂ ಬಿಡಿಸಲಿಲ್ಲ, ಯಾರ ಮೇಲೂ ನನಗೆ ದೂರಿಲ್ಲ. ಹಲಗೆಯ ಮೇಲಿನ ಲೆಕ್ಕ ನನ್ನ ತಲೆಗೆ ಇಳಿಯುವ ಹೊತ್ತಿಗೆ ಮಾಸ್ತರರು ಅದನ್ನು ಒರೆಸಿ ಮುಂದಿನದಕ್ಕೆ ಹೋಗಿರುತ್ತಿದ್ದರು. ನಾನು ಯಾವಾಗಲೂ ಒಂದು ಹಲಗೆ ಹಿಂದೆ. ಶಾಲೆ ಬಿಟ್ಟವನು ಎಂದರೆ ತಲೆ ತಗ್ಗಿಸುವವನಲ್ಲ ನಾನು. ಅಂದಿನಿಂದ ತಿಂದ ಅನ್ನವೆಲ್ಲ ಈ ಎರಡು ಕೈಗಳದ್ದು. ಆ ಕೈಗಳು ಇನ್ನೂ ಇದ್ದಲ್ಲೇ ಇವೆಯಲ್ಲ ಎಂಬುದು ಮಾತ್ರ ನನಗೆ ದಿನವೂ ಆಶ್ಚರ್ಯ.

ಇದೆಲ್ಲ ನೆನಪಾದದ್ದು ನಮ್ಮ ಮನೆಯ ಮಿಕ್ಸಿಯಿಂದ. ಮೊನ್ನೆ ಬೆಳಿಗ್ಗೆ ಹೆಂಡತಿ ಶೈಲಾ ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಚಟ್ನಿ ರುಬ್ಬಲು ಗುಂಡಿ ತಿರುವಿದಳು. ನಾನು ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದವನು, ನನಗೇ ಗೊತ್ತಿಲ್ಲದ ಹಾಗೆ ಎಡಗಾಲು ಹಿಂದಿಟ್ಟು, ಬಲ ಹೆಗಲನ್ನು ಮುಂದೆ ಮಾಡಿ, ಮಿಕ್ಸಿಗೆ ಓರೆಯಾದೆ.

“ಮತ್ತೆ ಶುರುವಾಯ್ತು ನಿಮ್ದು. ಮಿಕ್ಸಿ ಹಾರಿ ಬರ್ತದೆ ಅಂದ್ಕಂಡ್ರಾ? ಚಟ್ನಿ ಅದು. ಹಾರಿದ್ರೂ ಅಂಗಿ ಮ್ಯಾಲೆ ಬೀಳ್ತದೆ, ಅಷ್ಟೇಯ” ಎಂದಳು.

ಹಾರಿ ಬರುವುದಿಲ್ಲ ಎಂದು ನನಗೂ ಗೊತ್ತು. ಆದರೆ ತಿರುಗುವ ಯಾವ ವಸ್ತುವಿನ ಎದುರೂ ನಾನು ಎದೆ ಕೊಟ್ಟು ನಿಲ್ಲಲಾರೆ. ಅಂಕೋಲಾ ಬಸ್ ನಿಲ್ದಾಣದಲ್ಲಿ ಬಸ್ಸು ಬಂದರೆ ಎಲ್ಲರೂ ಬಾಗಿಲಿಗೆ ನುಗ್ಗುತ್ತಾರೆ, ನಾನು ಗಾಲಿಯ ನೇರ ತಪ್ಪಿಸಿ ಸುತ್ತು ಹಾಕಿ ಬರುತ್ತೇನೆ. ಅಷ್ಟರಲ್ಲಿ ಸೀಟು ಮುಗಿದಿರುತ್ತದೆ. ಭಾವಮೈದುನನ ಮದುವೆಯ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ನಾನೊಬ್ಬ ಮಾತ್ರ ಮದುಮಗಳಿಗೆ ಬೆನ್ನು ಹಾಕಿ ಎತ್ತಲೋ ತಿರುಗಿದ್ದೇನೆ. ಹೆಣ್ಣಿನ ಕಡೆಯವರು ಸಿಟ್ಟಿನಿಂದ ನಿಂತವನು ಎಂದೇ ತಿಳಿದುಕೊಂಡರು. ಫೋಟೋದ ಚೌಕಟ್ಟಿನ ಹೊರಗೆ ಒಂದು ಟೇಬಲ್ ಫ್ಯಾನ್ ತಿರುಗುತ್ತಿತ್ತು ಎಂದು ಯಾರಿಗೆ ವಿವರಿಸಲಿ?

ನನ್ನ ಕಸುಬು ಗಟ್ಟಿ ಸ್ಟೀಲಿನ ಚೂರಿಗಳಿಗೆ ಕನ್ನಡಿಯ ಹೊಳಪು ತರುವುದು. ಚೂರಿ ಮಸೆಯುವವನಾ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮಸೆಯುವುದು ಅಂಚಿನ ಕೆಲಸ, ಒಂದು ಕಲ್ಲು ಇದ್ದವರೆಲ್ಲ ಮಾಡುತ್ತಾರೆ. ನನ್ನದು ಅಲಗಿನ ಮೈಯ ಕೆಲಸ. ಚೂರಿಯನ್ನು ಮುಖದೆದುರು ಹಿಡಿದರೆ ಹುಬ್ಬಿನ ಕೂದಲು ಎಣಿಸುವ ಹಾಗಿರಬೇಕು.

ಚೂರಿಗೆ ಇಷ್ಟು ಶೃಂಗಾರ ಯಾತಕ್ಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ಇದ್ದವರು ಕೇಳುವುದಿಲ್ಲ. ಇಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಸಮುದ್ರದ ಗಾಳಿ ಕಿಟಕಿಯ ಸರಳನ್ನು ತಿನ್ನುತ್ತದೆ, ಸೈಕಲ್ಲಿನ ರಿಮ್ಮನ್ನು ತಿನ್ನುತ್ತದೆ. ನನ್ನ ಕಂಪಾಸ್ ಪೆಟ್ಟಿಗೆಯೊಳಗಿನ ಕೈವಾರ ಎಂಟನೆಯ ತರಗತಿಯಲ್ಲೇ ತುಕ್ಕು ಹಿಡಿದು ಬಿಗಿದುಕೊಂಡು, ಆಮೇಲೆ ನಾನು ಬರೆದ ವೃತ್ತಗಳೆಲ್ಲ ಒಂದೇ ಅಳತೆಯವು. ಅಂಕೋಲೆ ಹತ್ತಿರದ ಅವರ್ಸೆಯ ನಮ್ಮ ಮನೆಯಲ್ಲಿ ಅವ್ವ ಮೀನು ಕೊಯ್ಯುವ ಈಳಿಗೆಯನ್ನು ಬೂದಿ ಹಾಕಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ, ಮಗುವಿನ ಹಾಗೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದಳು. ಬೆಳಿಗ್ಗೆ ಬಿಚ್ಚಿದರೆ ಕೆಂಪಗೆ ಬೆವರಿರುತ್ತಿತ್ತು. ಸ್ಟೀಲು ಬಂದ ಮೇಲೆ ಆ ತಾಪತ್ರಯ ಮುಗಿಯಿತು ಅಂದುಕೊಂಡರು, ಮುಗಿಯಲಿಲ್ಲ. ಉಪ್ಪು ಸ್ಟೀಲಿನ ಗೀರುಗಳಲ್ಲಿ ಕೂತು, ಸೂಜಿಮೊನೆಯಷ್ಟು ಗುಂಡಿ ಕೊರೆಯುತ್ತದೆ. ಗೀರೇ ಇಲ್ಲದ ಮೈಯಾದರೆ ಉಪ್ಪಿಗೆ ಕೂರಲು ಜಾಗವಿಲ್ಲ. ಮೀನಿನ ಹುರುಪೆಯೂ ಅಂಟುವುದಿಲ್ಲ. ಅದಕ್ಕೇ ಕನ್ನಡಿ.

ಶಾಲೆ ಬಿಟ್ಟ ವಾರದಲ್ಲೇ ಅಪ್ಪ ಹೇಳಿದ: “ಶಾಲಿಗೆ ಹೋಗೂದು ಬಿಟ್ಯಲಾ, ಬಿಡು. ಮನೇಲಿ ಕೂತ್ಕಂಡ್ರೆ ಮಾತ್ರ ಉಣ್ಣೂಕೆ ಹಾಕೂದಿಲ್ಲ.” ಮರುದಿನ ನನ್ನನ್ನು ಅಂಕೋಲೆಯ ಹೊನ್ನಪ್ಪನ ಶೆಡ್ಡಿಗೆ ಕರೆದುಕೊಂಡು ಹೋದ. ಹೊನ್ನಪ್ಪ ಸ್ಟೀಲು ಪಾತ್ರೆ, ಹಿತ್ತಾಳೆ ದೀಪ, ಹೋಟೆಲಿನ ಚೂರಿಗಳಿಗೆ ಪಾಲಿಶ್ ಹಾಕುವವನು. ಕಸುಬು ಕಲಿಸುವವನಾದ್ದರಿಂದ ಎಲ್ಲರೂ ಅವನನ್ನೂ ಮಾಸ್ತರ ಎಂದೇ ಕರೆಯುತ್ತಿದ್ದರು. ಒಬ್ಬ ಮಾಸ್ತರರಿಂದ ತಪ್ಪಿಸಿಕೊಂಡು ಇನ್ನೊಬ್ಬರ ಕೈಗೆ ಬಿದ್ದೆನಲ್ಲ ಎಂದುಕೊಂಡೆ.

ಶೆಡ್ಡಿನ ನಡುವೆ ಒಂದು ಮೋಟಾರು. ಅದರ ಎರಡು ಕಡೆ ಬಟ್ಟೆಯ ಪದರ ಒತ್ತಿ ಹೊಲಿದ ದಪ್ಪ ಚಕ್ರಗಳು. ನಿಂತಾಗ ನೋಡಿದರೆ ಹಾಸಿಗೆಯಷ್ಟು ಮೆತ್ತಗೆ. ನಾನು ಬೆರಳಿಂದ ಒತ್ತಿ ನಕ್ಕೆ. ಹೊನ್ನಪ್ಪ ಮಾಸ್ತರ ನಗಲಿಲ್ಲ. ಗದ್ದ ಎತ್ತಿ ಮಾಡಿನ ತೊಲೆ ತೋರಿಸಿದ.

“ಕಂಡ್ಯಾ ತಮಾ, ಅಲ್ಲಿ ಮಿಂಚೂದು?”

“ಎಂಥದು ಅದು?”

“ಚೂರಿ ತುದಿ.”

“ಅಷ್ಟು ಮ್ಯಾಲೆ ಯಾರು ಹೊಡದ್ರು?”

“ಯಾರೂ ಹೊಡೀಲಿಲ್ಲ. ನೀ ಈಗ ಮುಟ್ಟಿ ನಕ್ಯಲಾ, ಅದು ಕಳಿಸ್ತು. ನೆಲಕ್ಕೆ ಬಡದು, ಪುಟದು, ನನ್ ಕಿವಿ ಹತ್ರ ಗಾಳಿ ಹಾಕಿ ಹೋಯ್ತು. ನಾ ಓರೆ ನಿಂತಿದ್ದೆ. ನೆಟ್ಟಗೆ ನಿಂತಿದ್ರೆ ನಿಂಗೆ ಇದನ್ನ ಹೇಳೂಕೆ ಬೇರೆ ಯಾರನ್ನಾದ್ರೂ ಹುಡುಕ್ಬೇಕಾಗಿತ್ತು.”

ಅಂದು ಹುಟ್ಟಿದ ಹೆದರಿಕೆ ಇದು. ಅದಕ್ಕೆ ಮೊದಲು ನಾನು ಹೆದರುತ್ತಿದ್ದದ್ದು ಗಣಿತಕ್ಕೆ, ಕಾಳಿ ನದಿಯ ಸೇತುವೆಯ ಮೇಲೆ ಬಸ್ಸು ನಿಂತರೆ ಅದಕ್ಕೆ, ಮತ್ತೆ ನಮ್ಮ ಪಕ್ಕದ ಮನೆಯ ಹುಂಜಕ್ಕೆ. ಅವೆಲ್ಲ ಬಂದು ಹೋಗುವ ಹೆದರಿಕೆಗಳು. ಇದು ದಿನವೂ ಬೆಳಿಗ್ಗೆ ನನಗಿಂತ ಮೊದಲು ಶೆಡ್ಡಿಗೆ ಬಂದು ಕೂತಿರುತ್ತಿತ್ತು.

ಮಾಸ್ತರನದು ಒಂದು ಪದ್ಧತಿ. ಬೆಳಿಗ್ಗೆ ಚಕ್ರ ತಿರುಗಿಸಿದ ಮೇಲೆ ಅದಕ್ಕೆ ಮೊದಲು ಲೋಹ ಮುಟ್ಟಿಸುವ ಹಾಗಿಲ್ಲ. ತೆಂಗಿನ ಕರಟದ ಒಡಕು ಅಂಚನ್ನು ಚಕ್ರದ ಮೈಗೆ, ಆಮೇಲೆ ಎರಡು ಪಕ್ಕಕ್ಕೆ, ಚಕ್ರ ಸಿಕ್ಕಿಸಿದ ಬುಡದ ದಂಡದ ತನಕ ಹಿಡಿಯಬೇಕು. “ಮೊದಲು ಅದರ ಹಸಿವು ತೀರಿಸು. ಆಮೇಲೆ ನಿನ್ನ ಕೆಲಸ” ಎನ್ನುತ್ತಿದ್ದ. ದೇವರಿಗೆ ನೈವೇದ್ಯ ಇಟ್ಟ ಹಾಗೆ ಗಂಭೀರವಾಗಿ ಮಾಡುತ್ತಿದ್ದೆವು. ಕರ್ರ್ ಎಂದು ಸದ್ದಾಗಿ ನಿನ್ನೆಯ ಒಣಗಿದ ಮಸಿ, ಸಡಿಲವಾದ ದಾರ, ಸಿಕ್ಕಿಕೊಂಡ ಮರಳು ಎಲ್ಲ ಉದುರುತ್ತಿತ್ತು. ಕರಟ ಹಾರಿದರೂ ಹಾರಲಿ, ಅದಕ್ಕೆ ಚೂರಿಯ ಹರಿತವಿಲ್ಲ. ನೈವೇದ್ಯವೋ ಗುಡಿಸುವುದೋ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹೊಳಪು ಬರುವುದು ಹೇಗೆ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಗೀರನ್ನು ಗೀರಿನಿಂದಲೇ ತೆಗೆಯಬೇಕು. ದೊಡ್ಡ ಗೀರನ್ನು ಅದಕ್ಕಿಂತ ಸಣ್ಣ ಗೀರು ನುಂಗುತ್ತದೆ, ಅದನ್ನು ಇನ್ನೂ ಸಣ್ಣದು. ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳ ಮೈಗೆ ಕನ್ನಡಿ ಎನ್ನುತ್ತೇವೆ. ಮೊದಲು ಒರಟು ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿ ಅಲಗಿನ ಉದ್ದಕ್ಕೆ ಉಜ್ಜುವುದು. ಆಮೇಲೆ ನಯವಾದದ್ದರಿಂದ ಅಡ್ಡಕ್ಕೆ. ಮುಂದಿನದು ಮತ್ತೆ ಉದ್ದಕ್ಕೆ. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ಗೀರು ಒಂದು ಉಳಿದಿದ್ದರೂ ಜಾತಕ ಹೇಳಿಬಿಡುತ್ತದೆ. ಪ್ರತಿ ಸಲವೂ ಕೈ, ಅಲಗು, ಮರ ಎಲ್ಲ ತೊಳೆಯಬೇಕು. ಹಿಂದಿನ ಕಾಗದದ ಒಂದು ಕಾಳು ಮುಂದಿನದಕ್ಕೆ ಬಂದರೆ ಮತ್ತೆ ಮೊದಲಿಂದ. ಗಟ್ಟಿ ಸ್ಟೀಲು ಇದೆಯಲ್ಲ, ಅದು ಹಟಮಾರಿ. ಸುಲಭಕ್ಕೆ ಗೀರು ಬೀಳುವುದಿಲ್ಲ, ಬಿದ್ದದ್ದು ಸುಲಭಕ್ಕೆ ಹೋಗುವುದಿಲ್ಲ. ಮೆದು ಸ್ಟೀಲಿನ ಚಮಚ ಚಹಾ ಕುಡಿಯುವಷ್ಟರಲ್ಲಿ ಮುಗಿದರೆ, ಗಟ್ಟಿ ಚೂರಿ ಒಂದಿಡೀ ದಿನ ತಿನ್ನುತ್ತದೆ.

ಕಾಗದದ ಕೆಲಸ ಮುಗಿದ ಮೇಲೆ ಚಕ್ರ. ಚಕ್ರಕ್ಕೆ ಹಸಿರು ಸೋಪು ಹಚ್ಚುತ್ತೇವೆ. ಮೈ ತೊಳೆಯುವ ಸೋಪಲ್ಲ, ಮೇಣದಲ್ಲಿ ನಯವಾದ ಪುಡಿ ಕಲಸಿದ ಗಟ್ಟಿ. ಅಲಗಿನ ಅಂಚು ಯಾವಾಗಲೂ ಚಕ್ರ ಹೋಗುವ ದಿಕ್ಕಿಗೇ ಇರಬೇಕು, ಬರುವ ದಿಕ್ಕಿಗೆ ತಿರುಗಿತೆಂದರೆ ಮುಗಿಯಿತು. ಹಿಡಿಯುವುದು ಚಕ್ರದ ನಡುಮಟ್ಟಕ್ಕಿಂತ ಕೆಳಗೆ. ಕೈಗವಸು ಹಾಕುವ ಹಾಗಿಲ್ಲ. ಚಕ್ರ ಅದನ್ನು ಹಿಡಿದರೆ ಕೈಯೂ ಜೊತೆಗೆ ಹೋಗುತ್ತದೆ. ಮತ್ತೆ, ಅಲಗು ಬಿಸಿಯಾದದ್ದು ಬೆರಳಿಗೆ ಗೊತ್ತಾಗಬೇಕು. ಬೆರಳು ತಾಳದಷ್ಟು ಬಿಸಿಯಾದರೆ ನೀರಿಗೆ ಅದ್ದಬೇಕು. ಮರೆತರೆ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ನವಿಲಿನ ನೀಲಿ. ನೋಡಲು ಚೆಂದ, ಚೂರಿ ಸತ್ತಿರುತ್ತದೆ.

ಕರೆಂಟು ಹೋದಾಗ ಇನ್ನೊಂದು ಹೆದರಿಕೆ. ಸದ್ದು ನಿಲ್ಲುತ್ತದೆ, ಚಕ್ರ ನಿಲ್ಲುವುದಿಲ್ಲ. ಸದ್ದಿಲ್ಲದೆ ತಿರುಗುವ ಚಕ್ರಕ್ಕೆ ನಾನು ಹೆಚ್ಚು ಹೆದರುತ್ತೇನೆ, ಮಾತಾಡುತ್ತಿದ್ದವನು ಥಟ್ಟನೆ ಬಾಯಿ ಮುಚ್ಚಿ ನಿಮ್ಮನ್ನೇ ನೋಡಿದ ಹಾಗೆ.

ಕೊನೆಯ ಪರೀಕ್ಷೆಗೆ ಮಾಸ್ತರನಲ್ಲಿ ಹಳೇ ದಿನಪತ್ರಿಕೆ ಇತ್ತು. ಅಲಗನ್ನು ಅಡ್ಡ ಇಟ್ಟು, ಪತ್ರಿಕೆಯನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ, ಅಲಗಿನಲ್ಲಿ ಕಂಡ ಅಕ್ಷರವನ್ನು ನಾನು ಗಟ್ಟಿಯಾಗಿ ಓದಬೇಕು. ಒಂದು ಒತ್ತಕ್ಷರ ಕಲಸಿದರೂ ವಾಪಸ್ಸು ಕಾಗದಕ್ಕೆ. ಹೀಗಾಗಿ ಶಾಲೆಯಲ್ಲಿ ನೆಟ್ಟಗಿನ ಅಕ್ಷರ ತಡವರಿಸಿ ಓದುತ್ತಿದ್ದವನು ತಲೆಕೆಳಗಿನ ಕನ್ನಡವನ್ನು ಸರಾಗ ಓದುವವನಾದೆ. ನಿಧನವಾರ್ತೆ, ಅಡಿಕೆ ಧಾರಣೆ, ರಾಶಿಭವಿಷ್ಯ ಎಲ್ಲವನ್ನೂ ನಾನು ಮೊದಲು ಓದಿದ್ದು ಚೂರಿಗಳಲ್ಲಿ.

2006ರಲ್ಲಿ ಕಾರವಾರದ ಹಬ್ಬುವಾಡದಲ್ಲಿ ಸ್ವಂತ ಅಂಗಡಿ ಹಾಕಿದೆ. ಮುಂದೆ ಯಂತ್ರ, ನಡುವೆ ಒಂದು ಪ್ಲೈವುಡ್ ಬಾಗಿಲು, ಹಿಂದೆ ನಾವಿರುವ ಎರಡು ಕೋಣೆ. ಮರುವರ್ಷ ಮದುವೆಯಾಯಿತು. ಶೈಲಾ ಚೆಂಡಿಯಾ ಊರಿನವಳು. ಅವರ ಗದ್ದೆ ಮನೆ ಎಲ್ಲ ನೌಕಾನೆಲೆಗೆ ಹೋಗಿ, ಕೊಟ್ಟ ಜಾಗದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡವರು. ಒಮ್ಮೆ ಎಲ್ಲವನ್ನೂ ಎತ್ತಿಕೊಂಡು ಹೊರಟವರ ಮನೆಯ ಹುಡುಗಿ. ಸದ್ದಿಗೆ ಬೇಗ ಎಚ್ಚರವಾಗುವವಳು. ನಾನು ಚಕ್ರದ ಮುಂದಿದ್ದಾಗ ಅವಳು ಒಳಗೆ ಕೆಲಸ ಮಾಡುತ್ತಲೇ ಕಿವಿ ಇತ್ತ ಇಟ್ಟಿರುತ್ತಿದ್ದಳು. ಚಕ್ರದ ಸ್ವರ ಒಂದು ಚೂರು ಬದಲಾದರೆ ಒಳಗಿನಿಂದ ಪಾತ್ರೆ ಕೆಳಗಿಟ್ಟ ಸದ್ದು ಕೇಳುತ್ತಿತ್ತು.

ಅದರ ಮರುವರ್ಷದ ಮಳೆಗಾಲ ಮುಗಿದ ಮೇಲೆ ರುಕ್ಮಾಬಾಯಿ ತನ್ನ ಚೂರಿ ತಂದಳು. ದೇವಬಾಗದವಳು, ಕಾರವಾರದ ಮಾರ್ಕೆಟಿನಲ್ಲಿ ಮೀನು ಮಾರುವವಳು. ಗೋವಾದ ಹೋಟೆಲಿನಲ್ಲಿ ಅಡುಗೆ ಮಾಡುವ ಮಗ ತಂದುಕೊಟ್ಟ ಚೂರಿ. ಮೊಳದಷ್ಟು ಉದ್ದ, ಕಲ್ಲಿನಷ್ಟು ಗಟ್ಟಿ. ಪರೀಕ್ಷೆಗೆಂದು ಉಜ್ಜಿದ ನನ್ನ ಅರ ಅದರ ಮೇಲೆ ಜಾರಿತು.

“ಪಳಯ್ ರೇ, ನೋಡು. ಇದ್ರಲ್ಲಿ ನನ್ ಕುಂಕುಮ ಸಮಾ ಅದ್ಯಾ ಇಲ್ವಾ ಕಾಣ್ಬೇಕು. ಅಷ್ಟು ಹೊಳೀಬೇಕು” ಎಂದಳು.

“ಮೀನು ಕೊಯ್ಯೂಕೆ ಚೂರಿನೋ, ಕನ್ನಡಿನೋ ನಿಮ್ಗೆ?”

“ಎರಡೂ. ಮಾರ್ಕೆಟಲ್ಲಿ ಕನ್ನಡಿ ಇಟ್ಕಂಡು ಕೂತ್ರೆ ಜನ ನಗ್ತಾರೆ. ಚೂರಿ ನೋಡ್ಕಂಡ್ರೆ ಹೆದರ್ತಾರೆ.”

ನಿಧಾನಕ್ಕೆ ಒಂದು ಬದಿ ಮುಗಿಸಿದೆ. ಇನ್ನೊಂದು ಬದಿಗೆ ಕಾಗದದ ಕೆಲಸ ಮುಗಿದು ಚಕ್ರ ಬಾಕಿ ಇತ್ತು. ಅಷ್ಟರಲ್ಲಿ ಖಂಡೇನವಮಿ ಬಂತು, ಆಯುಧಗಳಿಗೆಲ್ಲ ಪೂಜೆಯ ದಿನ. ಅಂದು ಯಂತ್ರ ಮುಟ್ಟುವುದಿಲ್ಲ. ಶೈಲಾ ಮೋಟಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಗಳಿಗೆ ಗೊಂಡೆಹೂವಿನ ಮಾಲೆ ಸುತ್ತಿದಳು. ನಾನು ಒಂದು ಕಾಯಿ ಒಡೆದೆ. ಯಂತ್ರ ಹಸೆಮಣೆಯ ಮೇಲಿನ ಗಂಡಿನ ಹಾಗೆ ಕಾಣುತ್ತಿತ್ತು. ಸಂಜೆ ಮಾಲೆಯನ್ನು ಕತ್ತರಿಸಿ, ಹೂವನ್ನೆಲ್ಲ ಬಾವಿಕಟ್ಟೆಯ ಗಿಡದ ಬುಡಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆ ಕರಟ ಕೈಗೆತ್ತಿಕೊಂಡವನು ಕೆಳಗಿಟ್ಟೆ. ನಿನ್ನೆ ಇಡೀ ಕಾಯಿಯೇ ಕೊಟ್ಟಾಗಿದೆ, ಇವತ್ತು ಬರೀ ಕರಟ ಯಾತಕ್ಕೆ ಅಂದುಕೊಂಡೆ. ಹೊಟ್ಟೆ ತುಂಬಿದವನಿಗೆ ಮತ್ತೆ ಎಲೆ ಹಾಕಿದ ಹಾಗೆ ಆಗುತ್ತದೆ ಎಂದು. ನಿಜವಾಗಿ ಹಾಗೇ ಅಂದುಕೊಂಡೆ, ಈಗ ನಗಬಹುದು. ಗುಂಡಿ ಒತ್ತಿ, ಸೋಪು ಹಚ್ಚಿ, ರುಕ್ಮಾಬಾಯಿಯ ಚೂರಿಯ ಮಸುಕು ಬದಿಯನ್ನು ಚಕ್ರಕ್ಕೆ ಕೊಟ್ಟೆ.

ಕೈಯ ಮೇಲೆ ಚಾಟಿಯಂಥದ್ದೇನೋ ಬಡಿಯಿತು. ಕೈ ಅಲುಗಿತು, ಅಷ್ಟೇ. ಅಂಚು ಮೇಲಕ್ಕೆ ತಿರುಗಿದ್ದು ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಗೊತ್ತಾಯಿತು. ಆಮೇಲೆ ಕೈಯಲ್ಲಿ ಚೂರಿ ಇರಲಿಲ್ಲ. ನೆಲಕ್ಕೆ ಟಣ್ ಎಂದಿತು, ತೊಡೆಯ ಪಕ್ಕ ಚರ್ಮದ ಏಪ್ರನ್ ಎಳೆದ ಹಾಗಾಯಿತು, ಹಿಂದೆ ಧಪ್ ಎಂದಿತು. ಮೂರೂ ಸದ್ದು ಒಂದರ ಮೇಲೊಂದು. ನಾನು ಓರೆಯಾಗಿ ನಿಂತೇ ಇದ್ದೆ.

ಏಪ್ರನ್ ಮೊಣಕಾಲಿನಿಂದ ಸೊಂಟದವರೆಗೆ ಸೀಳಿತ್ತು. ಒಳಗಿನ ಪ್ಯಾಂಟಿಗೆ ಏನೂ ಆಗಿರಲಿಲ್ಲ. ಬದುಕಿದೆ ಅಂದುಕೊಂಡು ತಿರುಗಿದೆ. ಚೂರಿ ಪ್ಲೈವುಡ್ ಬಾಗಿಲಿಗೆ ನೆಟ್ಟು ಇನ್ನೂ ನಡುಗುತ್ತಿತ್ತು. ಬಾಗಿಲ ಆ ಕಡೆಯಿಂದ ಶೈಲಾಳ ಧ್ವನಿ ಬಂತು, ಕೂಗಲಿಲ್ಲ, ಸಣ್ಣಗೆ: “ರೀ, ಇಲ್ಲಿಗೆ ಬಂತಲ್ರೀ ಇದು.”

ಚಹಾ ತರುತ್ತಿದ್ದಳು. ಬಾಗಿಲು ತಳ್ಳಲು ಕೈ ಚಾಚಿದ್ದಳು. ಪ್ಲೈವುಡ್ಡಿನ ಆಚೆಗೆ ಚೂರಿಯ ತುದಿ ಬೆರಳಗಲ ಹೊರಬಂದು ಅವಳ ಸೆರಗಿನ ಎದುರು ನಿಂತಿತ್ತು.

ಮಾಸ್ತರ ನನಗೆ ಓರೆ ನಿಲ್ಲಲು ಕಲಿಸಿದ್ದ. ನನ್ನ ಬೆನ್ನ ಹಿಂದೆ ಬಾಗಿಲಿದೆ, ಬಾಗಿಲ ಹಿಂದೆ ಒಬ್ಬಳು ನೆಟ್ಟಗೆ ನಿಂತಿರುತ್ತಾಳೆ ಎಂದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಅಂದಿನಿಂದ ಗುಂಡಿ ಒತ್ತಲು ಕೈ ಏಳಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದೆ, ಗುಡಿಸುತ್ತಿದ್ದೆ, ಯಂತ್ರದ ಎದುರು ಬಂದು ನಿಲ್ಲುತ್ತಿದ್ದೆ. ವಾಪಸ್ಸು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಬಂದವರಿಗೆ ಮೋಟಾರು ಕೆಟ್ಟಿದೆ ಎನ್ನುತ್ತಿದ್ದೆ. ಒಬ್ಬರು ಮೋಟಾರು ರಿಪೇರಿಯವನನ್ನೇ ಕರೆತಂದುಬಿಟ್ಟರು; ಅವನು ಮೋಟಾರಿನ ಮುಚ್ಚಳ ಬಿಚ್ಚಿ ನೋಡಿ, ಇದು ನನಗಿಂತ ಆರೋಗ್ಯವಾಗಿದೆ ಎಂದು ಹೇಳಿ ಹೋದ. ನಮ್ಮಂಥ ದುಡಿಯುವವರಿಗೆ ಸುಮ್ಮನೆ ಕೂರುವುದೂ ಬರುವುದಿಲ್ಲ. ಕೂತು ಕೂತು ಅಂಗಡಿಯ ತಗಡಿನ ಬೋರ್ಡಿಗೂ ಹೊಳಪು ಹಾಕಿದೆ, ಕೈಯಿಂದಲೇ, ಹೆಸರು ಅಳಿಸಿಹೋಯಿತು.

ಭಾವಮೈದುನ ಸುರೇಶ ಬಂದ. ಭೂಮಿ ಹೋದವರ ಮನೆಯವನು ಎಂದು ಅವನಿಗೆ ನೌಕಾನೆಲೆಯಲ್ಲಿ ಕೆಲಸ ಸಿಕ್ಕಿತ್ತು. ಶೈಲಾಳೇ ಕರೆಸಿದ್ದಳು ಎಂದು ನನಗೆ ಅವನ ಮುಖದಲ್ಲೇ ಕಂಡಿತು.

“ಬಾವ, ಕ್ಯಾಂಟೀನಲ್ಲಿ ಒಬ್ಬರು ಬೇಕಂತೆ. ತಟ್ಟೆ ಲೋಟ ಎಣಿಸಿ ಇಡೂದು. ನಾ ಹೇಳಿಟ್ಟಿದ್ದೆ.”

“ತಟ್ಟೆ ಎಣಿಸೂಕೆ ನಾನೇ ಬೇಕಾ?”

“ಎಣಿಸೂದು ಸಣ್ಣ ಕೆಲಸ ಅಂತ ಅಲ್ಲ ಬಾವ. ಅಲ್ಲಿ ತಟ್ಟೆ ಹಾರೂದಿಲ್ಲ.”

ನನಗೆ ನಗುವೂ ಬಂತು, ಅವಮಾನವೂ ಆಯಿತು. ತಟ್ಟೆ ಎಣಿಸುವುದರಲ್ಲಿ ತಪ್ಪೇನಿಲ್ಲ, ಅದೂ ದುಡಿಮೆಯೇ. ಆದರೆ ನಾನು ಅಲ್ಲಿಗೆ ಹೋದರೆ ತಟ್ಟೆಗಾಗಿ ಹೋದವನಲ್ಲ, ಚಕ್ರದಿಂದ ಓಡಿದವನು. ಶಾಲೆಯಿಂದ ಒಮ್ಮೆ ಎದ್ದು ಬಂದಾಗಿತ್ತು. ಇದರಿಂದಲೂ ಎದ್ದು ಹೋದರೆ ಮುಂದೆ ಯಾವುದರ ಎದುರು ನಿಲ್ಲುವವನು? ಹಾಗಂತ ಎದೆಯುಬ್ಬಿಸಿ ಹೇಳಲು, ಬಾಗಿಲಲ್ಲಿ ಆ ತೂತು ಇತ್ತಲ್ಲ. ಸೋಮವಾರ ಹೇಳುತ್ತೇನೆ ಎಂದೆ. ಶೈಲಾ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳು ಏನಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಅಷ್ಟರಲ್ಲಿ ರುಕ್ಮಾಬಾಯಿ ಬಂದಳು. ತಲೆಯ ಮೇಲೆ ಖಾಲಿ ಬುಟ್ಟಿ, ಬಾಯಲ್ಲಿ ಎಲೆಅಡಿಕೆ. ಚೂರಿ ತೋರಿಸಿದೆ. ಹೊಳೆವ ಬದಿ ನೋಡಿದಳು, ತಿರುಗಿಸಿ ಮಸುಕು ಬದಿ ನೋಡಿದಳು.

“ಎಂಥದಿದು? ಒಂದ್ ಕೆನ್ನೆಗೆ ಪೌಡರ್ ಹಾಕಿ ಇನ್ನೊಂದ್ ಹಾಗೇ ಬಿಟ್ಟಂಗೆ. ಮತ್ತೆ ತುದಿ ಎಲ್ಲಿ?”

ಗಟ್ಟಿ ಸ್ಟೀಲು ಬಾಗುವುದಿಲ್ಲ, ಮುರಿಯುತ್ತದೆ. ಬಾಗಿಲಿನಿಂದ ಅಲುಗಿಸಿ ಕೀಳುವಾಗ ಅಕ್ಕಿಕಾಳಿನಷ್ಟು ತುದಿ ತೂತಿನೊಳಗೇ ಸಿಕ್ಕಿ ಉಳಿದಿತ್ತು.

“ಬಾಗ್ಲಲ್ಲಿ ಅದೆ” ಎಂದೆ.

“ಬಾಗ್ಲಿಗೆ ಮೀನ್ ಕೊಯ್ಯೂಕೆ ಕೊಟ್ಟಿದ್ಯಾ?” ಎಂದವಳು ತೂತು ನೋಡಿದಳು, ಸೀಳಿದ ಏಪ್ರನ್ ನೋಡಿದಳು, ಬಾಗಿಲ ಬಳಿ ನಿಂತಿದ್ದ ಶೈಲಾಳನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ತಮಾಷೆ ನಿಂತಿತು.

“ಯಾಕೆ ಹಾರ್ತು?”

“ಗೊತ್ತಿಲ್ಲ.”

“ಗೊತ್ತಿಲ್ದೆ ಹೆಂಗೆ? ನಮ್ಮವ್ರ ಬೋಟು ಒಂದ್ಸಲ ಒಡೀತು. ಎಲ್ರೂ ಈಜ್ಕಂಡು ಬಂದ್ರು. ಮರದಿನ ಹೋಗಿ ಹಲಗೆ ಎಲ್ಲ ಎತ್ತಿ ನೋಡ್ದ್ರು, ಎಲ್ಲಿಂದ ನೀರು ಬಂತು ಅಂತ. ನೋಡ್ದೆ ಇದ್ರೆ ಮತ್ತೆ ಸಮುದ್ರಕ್ಕೆ ಹೋಗೂಕೆ ಕಾಲು ಬರ್ತದಾ? ನೀ ನೋಡ್ದ್ಯಾ?”

ನಾನು ನೋಡಿರಲಿಲ್ಲ. ಚಕ್ರ ಕಳಿಸಿತು ಎಂದಷ್ಟೇ ತಿಳಿದಿದ್ದೆ, ಅದಕ್ಕೆ ಮನಸ್ಸು ಬಂತು, ಕಳಿಸಿತು ಎಂದು. ರುಕ್ಮಾಬಾಯಿ ಚೂರಿಯನ್ನು ನನ್ನ ಮಡಿಲಿಗೇ ಇಟ್ಟು ಎದ್ದಳು. “ಅರ್ಧ ಮುಖದ ಚೂರಿ ನಾ ಒಯ್ಯೂದಿಲ್ಲ. ನೋಡು, ಮಾಡು. ಇಲ್ಲಾ, ಆಗೂದಿಲ್ಲ ಅಂತ ಹೇಳು.”

ಅವಳು ಹೋದ ಮೇಲೆ ಪ್ಲಗ್ಗು ಕಿತ್ತು, ಚಕ್ರದ ನಟ್ಟು ಬಿಚ್ಚಿದೆ. ಚಕ್ರ ತೆಗೆದಾಗ ಮೊದಲು ಏನೂ ಕಾಣಲಿಲ್ಲ. ಶೈಲಾ ಪಕ್ಕಕ್ಕೆ ಬಂದು ಕೂತಿದ್ದಳು. ಅವಳು ಬಗ್ಗಿ, ದಂಡದ ಬುಡದಲ್ಲಿ ಉಗುರು ಹಾಕಿ ಎಳೆದಳು. ಎಳೆದಷ್ಟೂ ಬಂತು. ತೆಳು ನೈಲಾನ್ ದಾರ, ಬಲೆ ಹೆಣೆಯುವಂಥದ್ದು, ಬೆಳಕಿಗೆ ಹಿಡಿದರಷ್ಟೇ ಕಾಣುವಂಥದ್ದು. ತುದಿಯಲ್ಲಿ ಒಂದು ಒಣಗಿದ ಗೊಂಡೆಹೂವಿನ ತೊಟ್ಟು.

ಹೂವು ಕಟ್ಟಲು ನಮ್ಮ ಕಡೆ ಬಾಳೆನಾರು. ಅಂದು ನಾರು ತುಂಡಾಗುತ್ತಿತ್ತೆಂದು ಅವಳು ಮನೆಯಲ್ಲಿದ್ದ ಬಲೆಯ ದಾರದಿಂದ ಪೋಣಿಸಿದ್ದಳು. ಸಮುದ್ರದ ದಂಡೆಯ ಮನೆಗಳಲ್ಲಿ ಆ ದಾರ ಇಲ್ಲದ ಮೂಲೆಯಿಲ್ಲ. ಬಟ್ಟೆ ಒಣಹಾಕುವುದಕ್ಕೂ ಅದೇ, ಹಪ್ಪಳದ ಡಬ್ಬಿ ಬಿಗಿಯುವುದಕ್ಕೂ ಅದೇ. ನಾನು ಮಾಲೆ ಕತ್ತರಿಸಿದಾಗ ಒಂದು ತುಂಡು ಚಕ್ರದ ಹಿಂದೆ ಉಳಿದು, ತಿರುಗಿದಾಗ ಬಿಚ್ಚಿಕೊಂಡು, ಚಾಟಿಯ ಹಾಗೆ ಕೈಗೆ ಬಡಿದಿತ್ತು.

“ನಾನೇ ಕಟ್ಟಿದ್ದು” ಎಂದಳು.

“ಕರಟ ಹಿಡಿದಿದ್ರೆ ಕರಟಕ್ಕೇ ಸಿಕ್ತಿತ್ತು. ನಾ ಹಿಡೀಲಿಲ್ಲ” ಎಂದೆ.

ಮಾಸ್ತರನ ಹಸಿವಿನ ಮಾತು ಆಗ ನನಗೆ ಅರ್ಥವಾಯಿತು. ಚಕ್ರಕ್ಕೆ ಹಸಿವೂ ಇಲ್ಲ, ಸಿಟ್ಟೂ ಇಲ್ಲ. ಅದಕ್ಕೆ ಸಿಕ್ಕಿದ್ದನ್ನು ಅದು ಎಸೆಯುತ್ತದೆ, ಅಷ್ಟೇ. ಇದು ಗೊತ್ತಾಗಿ ಹೆದರಿಕೆ ಹೋಯಿತು ಎಂದು ಹೇಳಿದರೆ ಸುಳ್ಳು. ಆದರೆ ಮನಸ್ಸಿರುವ ಚಕ್ರಕ್ಕೆ ಹೆದರುವುದು ಬೇರೆ, ಮನಸ್ಸಿಲ್ಲದ್ದಕ್ಕೆ ಹೆದರುವುದು ಬೇರೆ. ಎರಡನೆಯದಕ್ಕೆ ಮಾಡುವುದಕ್ಕೆ ಏನಾದರೂ ಇರುತ್ತದೆ.

ಸುರೇಶನನ್ನು ಕರೆಸಿ, ಮೂವರೂ ಸೇರಿ ಯಂತ್ರವನ್ನು ನೆಲದಿಂದ ಕಿತ್ತು ತಿರುಗಿಸಿ ಕೂರಿಸಿದೆವು. ಈಗ ನಾನು ಕೆಲಸಕ್ಕೆ ನಿಂತರೆ ಎದುರಿಗೂ ಚಿರೇಕಲ್ಲಿನ ಗೋಡೆ, ಹಿಂದೆಯೂ ಚಿರೇಕಲ್ಲಿನ ಗೋಡೆ. ಬಾಗಿಲು ದೂರದ ಪಕ್ಕಕ್ಕೆ. ಶೈಲಾ ಗೋಡೆಯ ಆಚೆ ಇದ್ದಾಗ ಮಾತ್ರ ಚಕ್ರ ತಿರುಗಲಿ ಎಂದು ಗುಂಡಿಯನ್ನು ಬಾಗಿಲ ಆಚೆಗೆ, ಒಳಗಿನ ಗೋಡೆಗೆ ಹಾಕಿಸಿದೆವು. ಸುರೇಶ ನಟ್ಟು ಬಿಗಿಯುತ್ತ, “ಹಾಗಾರೆ ತಟ್ಟೆ ಎಣಿಸೂಕೆ ಬರೂದಿಲ್ಲ ಅಂತಾಯ್ತು” ಎಂದ. “ನೀನೇ ಎಣಿಸು. ಹಾರೂದಿಲ್ಲಲಾ” ಎಂದೆ.

ಸೋಮವಾರ ಬೆಳಿಗ್ಗೆ ಶೈಲಾ ಅಡುಗೆಮನೆಯಿಂದ ಕರಟ ತಂದು ನನ್ನ ಕೈಗೆ ಕೊಟ್ಟಳು. ಆಚೆ ಹೋಗಿ ಗುಂಡಿಯ ಬಳಿ ನಿಂತಳು.

“ಹಾಕಲಾ?”

ಎಡಗಾಲು ಹಿಂದಿಟ್ಟೆ, ಹೆಗಲು ಮುಂದೆ ಮಾಡಿದೆ.

“ರೀ, ಹಾಕಲಾ?”

“ಹಾಕು” ಎಂದೆ.

ಕರಟ ಕರ್ರ್ ಎಂದಿತು, ಮೈಗೆ, ಎರಡು ಪಕ್ಕಕ್ಕೆ, ದಂಡದ ಬುಡದ ತನಕ. ಏನೂ ಹಾರಲಿಲ್ಲ. ಆಮೇಲೆ ಚೂರಿ. ಅಂದು ಸಂಜೆಯವರೆಗೆ ಆ ಒಂದು ಬದಿ ಮಾಡಿದೆ. ಒಂದು ಒತ್ತು, ನೀರಿಗೆ ಅದ್ದು, ಮತ್ತೆ ಒಂದು ಒತ್ತು. ಹೆದರಿಕೆ ಮೇಲೆದ್ದಾಗೆಲ್ಲ ಹಿಂದೆ ಸರಿದು, ಅಲಗು ಒರೆಸಿ, ಮತ್ತೆ ಮುಂದೆ ಬಂದೆ. ತುದಿಯನ್ನು ಕಲ್ಲಿನಲ್ಲಿ ಹೊಸದಾಗಿ ತಿದ್ದಿದೆ. ಕೊನೆಗೆ ಪತ್ರಿಕೆ ನಿಲ್ಲಿಸಿ ಅಲಗಿನೊಳಗಿನ ತಲೆಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದೆ: ನಾಳೆ ಕಾರವಾರದಲ್ಲಿ ನೀರು ಬರುವುದಿಲ್ಲ. ಆ ಕಡೆಯಿಂದ ಶೈಲಾ, “ಹೌದಾ? ಹಾಗಾರೆ ಈಗ್ಲೇ ತುಂಬಿಡ್ತೆ” ಎಂದು ಕೊಡ ಎತ್ತಿಕೊಂಡಳು.

ರುಕ್ಮಾಬಾಯಿ ಬಂದು ಚೂರಿಯನ್ನು ಮುಖದೆದುರು ಹಿಡಿದು ಕುಂಕುಮ ನೋಡಿಕೊಂಡಳು. ಇನ್ನೊಂದು ಬದಿ ತಿರುಗಿಸಿ ಮತ್ತೆ ನೋಡಿಕೊಂಡಳು.

“ಈ ಬದಿಲಿ ನಾ ಸ್ವಲ್ಪ ಮುದುಕಿ ಕಾಣ್ತೆ.”

“ಚೂರಿದು ತಪ್ಪಲ್ಲ ಅದು.”

“ನಿಂದೇ ತಪ್ಪು. ಹೆದರ್ಕಂಡು ಜಾಸ್ತಿ ಹೊಳಪು ಹಾಕಿದ್ದೀ” ಎಂದು ಚೂರಿಯನ್ನು ಬುಟ್ಟಿಯೊಳಗಿನ ಬಟ್ಟೆಗೆ ಸುತ್ತಿ ಹೊರಟಳು. ಹೌದು, ಆ ಬದಿ ಮೊದಲಿನದಕ್ಕಿಂತ ಚೆನ್ನಾಗಿತ್ತು. ನಾನು ಇಂದಿಗೂ ಅಂಥ ಬದಿ ಇನ್ನೊಂದು ಮಾಡಿಲ್ಲ.

ಹೆದರಿಕೆ ಹಾಗೇ ಇದೆ. ಬೆಳಿಗ್ಗೆ ನನಗಿಂತ ಮೊದಲು ಬಂದು ಕೂತಿರುತ್ತದೆ. ನಾನು ಅದಕ್ಕೂ ಸೇರಿಸಿ ಅಂಗಡಿ ಗುಡಿಸುತ್ತೇನೆ. ಖಂಡೇನವಮಿಗೆ ಈಗ ಯಂತ್ರಕ್ಕೆ ಬಿಡಿ ಹೂವು. ಶೈಲಾ ಮಿಕ್ಸಿಯ ಬಳಿ ನಗುತ್ತಾಳೆ, ಆದರೆ ಅಂಗಡಿಯ ಗುಂಡಿಯನ್ನು ನಾನು ಹಾಕು ಎನ್ನದೆ ಯಾವತ್ತೂ ಹಾಕಿಲ್ಲ. ಮೊನ್ನೆ ಹಾಗೆ ಅವಳು ನಕ್ಕ ಮೇಲೆ, ಚಹಾ ಮುಗಿಸಿ ಬಂದು, ಎಲ್ಲ ಸರಿಯಿದೆಯೇ ಎಂದು ಒಮ್ಮೆ ನೋಡಿಕೊಂಡೆ.

ಮೋಟಾರು ಈಗ ಎರಡು. ಚಕ್ರ ನಾಲ್ಕು. ಒಡೆದ ಕರಟ ಒಂದು ಬುಟ್ಟಿ. ಸೀಳಿ ಹೊಲಿದ ಏಪ್ರನ್ ಒಂದು. ಪ್ಲೈವುಡ್ ಬಾಗಿಲಲ್ಲಿ ಅಕ್ಕಿಕಾಳಿನಷ್ಟು ಚೂರಿಯ ತುದಿ ಒಂದು. ಗೋಡೆಯ ಆಚೆ ಹೆಂಡತಿ ಒಬ್ಬಳು, ಅವಳ ಸೊಂಟದ ಮೇಲೆ ಮಗಳು ಒಬ್ಬಳು. ಬೆರಳು ಹತ್ತು.